ಬೋರಲು ಹಾಕಿದ ಮೊಟ್ಟೆ

"ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ ಬಂಗಾರ, ಅವಸರ ಏನಿಲ್ಲ. ಇವತ್ತು ಬೆಳಗ್ಗೆ ಏನು ತಿಂದ್ರಿ? ತಿಂಡಿ... ತಿಂಡಿ ಅಂದ್ರೆ ಗೊತ್ತಾಗುತ್ತೆ ಅಲ್ವಾ?"

ಕೇಳಿದವಳು ಕೈಬೆರಳುಗಳನ್ನು ಒಟ್ಟು ಮಾಡಿ ಬಾಯಿಯ ಹತ್ತಿರ ಒಯ್ದು ತೋರಿಸಿದಳು. ಮೂವತ್ತು ದಾಟಿರದ ಹುಡುಗಿ. ಟ್ಯಾಮ್ಸಿನ್ ಎಂದು ಎದೆಯ ಮೇಲೆ ಬಿಲ್ಲೆ. ಆಸ್ಪತ್ರೆಯಲ್ಲಿ ಮುದುಕರ ನೆನಪು ಎಷ್ಟು ಉಳಿದಿದೆ ಎಂದು ಅಳೆಯುವುದು ಅವಳ ಕೆಲಸ. ಎದುರಿಗೆ ಕೂತ ಬೆರಿಲ್ ಎಂಟ್ವಿಸಲ್‌ಗೆ ಎಂಬತ್ತೊಂದು.

"ಎರಡು ಮೊಟ್ಟೆ," ಅಂದಳು ಬೆರಿಲ್. "ಬೇಯ್ಸಿದ್ದು. ರೊಟ್ಟಿ ಸುಟ್ಕೊಂಡಿದ್ದೆ. ಟೀ."

ಹೇಳಿ ಮುಗಿಸುವಷ್ಟರಲ್ಲಿ ಕಿವಿಯ ತುದಿಗಳು ಬಿಸಿಯಾದವು. ಅವಳು ಕುಡಿದಿದ್ದು ಬಿಸಿನೀರು. ನಿನ್ನೆಯ ಟೀ ಚೀಲವನ್ನು ಅದರಲ್ಲಿ ಅದ್ದಿ, ಹಿಂಡಿ, ನಾಳೆಗೂ ಆದೀತೆಂದು ಕಿಟಕಿಯ ಬಳಿ ಒಣಹಾಕಿ ಬಂದಿದ್ದಳು.

ಚಳಿಗಾಲ ಶುರುವಾದಾಗಿನಿಂದ ಪಿಂಚಣಿಯಲ್ಲಿ ಬಾಡಿಗೆಗೂ ಗ್ಯಾಸಿಗೂ ಹೋಗಿ ಉಳಿದದ್ದು ಐದು ದಿನದ ಊಟಕ್ಕೆ ಆಗುತ್ತಿತ್ತು. ವಾರಕ್ಕೆ ಏಳು ದಿನ. ಮೊದಮೊದಲು ಉಪವಾಸದ ಆ ಎರಡು ದಿನಗಳನ್ನು ಬೇರೆ ಬೇರೆ ಇಟ್ಟಳು. ಆಮೇಲೆ ಅವು ತಾವಾಗಿಯೇ ಮೂರಾದವು. ಜನವರಿಯಲ್ಲಿ ಪೋಸ್ಟಾಫೀಸಿನ ಮುಂದೆ ಬಿದ್ದಾಗ ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. "ಊಟ ಮಾಡೋದನ್ನ ಮರೀತಿದ್ದೀರಾ?" ಎಂದು ಕೇಳಿದರು. ಅಷ್ಟು ಸಲೀಸಾದ ಉತ್ತರವನ್ನು ಅವರೇ ಕೈಗಿಟ್ಟರಲ್ಲ ಎಂದು ಬೆರಿಲ್‌ಗೆ ಸಮಾಧಾನವಾಗಿತ್ತು. "ಇರ್ಬೋದು ಡಾಕ್ಟ್ರೇ, ವಯಸ್ಸಾಯ್ತಲ್ಲ" ಅಂದಿದ್ದಳು. ಆ ಒಂದು ಮಾತು ಅವಳನ್ನು ಈ ಕುರ್ಚಿಗೆ ತಂದು ಕೂರಿಸಿತ್ತು.

"ಶಹಬ್ಬಾಸ್. ಈಗ ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಬೆಣ್ಣೆ. ದೀಪ. ಕುದುರೆ."

ಬೆಣ್ಣೆ ಎಂದ ಕೂಡಲೇ ಬೆರಿಲ್‌ಳ ಬಾಯಿಯಲ್ಲಿ ನೀರೂರಿತು. ಬಿಸಿ ರೊಟ್ಟಿಯ ಮೇಲೆ ಅದು ಅಂಚಿನಿಂದ ಕರಗಿ ಇಳಿಯುವುದು, ತಟ್ಟೆಗೆ ಬಿದ್ದ ಹನಿಯನ್ನು ಬೆರಳಲ್ಲಿ ಒರೆಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಐದು ನಿಮಿಷ ಬಿಟ್ಟು ಕೇಳಿದಾಗ ಅವಳ ಬಾಯಿಗೆ ಬಂದದ್ದು ಬೆಣ್ಣೆಯೊಂದೇ.

"ಪರವಾಗಿಲ್ಲ ಬಿಡಿ. ಮೂರರಲ್ಲಿ ಒಂದು!" ಎಂದು ಟ್ಯಾಮ್ಸಿನ್ ಅವಳ ಮೊಣಕಾಲು ತಟ್ಟಿ ಹೊರಗೆದ್ದು ಹೋದಳು.

ಬಾಗಿಲಿಗೆ ಗಾಜಿತ್ತು. ಅದರಾಚೆ ಟ್ಯಾಮ್ಸಿನ್ ಒಬ್ಬ ಗಂಡಸಿನ ಜೊತೆ ನಿಂತಳು. ಅವನು ಪುರಸಭೆಯ ಕ್ರಾಬ್‌ಟ್ರೀ. ಮುದುಕರಿಗೆಂದು ಕಟ್ಟಿಸಿದ ಪುಟ್ಟ ಮನೆಗಳ ಉಸ್ತುವಾರಿ ಅವನದು. ಬೆರಿಲ್ ಇದ್ದದ್ದು ಅಂಥದೊಂದರಲ್ಲಿ. ಗಾಜಿನಾಚೆಯ ಮಾತು ಕೇಳುವಂತಿರಲಿಲ್ಲ. ಹತ್ತಿರ ನಿಂತು ಆಡಿದ್ದರೂ ಬೆರಿಲ್‌ಗೆ ಅರ್ಧವೇ ಕೇಳುತ್ತಿತ್ತು. ಆದರೆ ಅವಳು ಹದಿನೈದನೆಯ ವಯಸ್ಸಿಗೆ ಮಗ್ಗದ ಶೆಡ್ಡು ಸೇರಿದವಳು. ನಾನೂರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಇಂಗ್ಲೆಂಡಿನ ಲ್ಯಾಂಕಶೈರಿನ ಹೆಂಗಸರು ಗಂಟಲನ್ನು ನಂಬುತ್ತಿರಲಿಲ್ಲ. ತುಟಿಯನ್ನು ಅಗಲಿಸಿ, ಚೂಪು ಮಾಡಿ, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಇಡೀ ಊರಿನ ಸಂಸಾರವನ್ನೇ ಹೇಳಿಕೊಳ್ಳುತ್ತಿದ್ದರು. ಲಾಳಿಗಳು ನಿಂತು ಎಷ್ಟೋ ವರ್ಷಗಳಾದರೂ ಕಣ್ಣು ಆ ಓದನ್ನು ಬಿಟ್ಟಿರಲಿಲ್ಲ.

ಕ್ರಾಬ್‌ಟ್ರೀಯ ತುಟಿಗಳು ಹೇಳಿದವು: "ಒಂಟಿ ಹೆಂಗಸು. ಗ್ಯಾಸ್ ಆನ್ ಮಾಡಿ ಮರೆತ್ರೆ ಇಡೀ ಸಾಲೇ ಹೋಗುತ್ತೆ. ಈಸ್ಟರ್ ಒಳಗೆ ವೃದ್ಧಾಶ್ರಮಕ್ಕೆ ಹಾಕೋಣ. ಆ ಮನೆಗೆ ಕಾಯ್ತಾ ಇರೋರು ನಲವತ್ತು ಜನ."

ಟ್ಯಾಮ್ಸಿನ್‌ಳ ತುಟಿಗಳು: "ಮುಂದಿನ ಬುಧವಾರ ಮನೆ ನೋಡಿಬಿಡೋಣ."

* * *

ಎರಡು ಬಸ್ಸು ಬದಲಿಸಿದರೆ ಸಿಗುವ ಊರಿನ ಚರ್ಚಿನ ಹಾಲಿನಲ್ಲಿ ಮಂಗಳವಾರ ಆಹಾರದ ಚೀಲ ಕೊಡುತ್ತಾರೆಂದು ಬೆರಿಲ್‌ಗೆ ಗೊತ್ತಿತ್ತು. ಅವಳ ಊರಲ್ಲೂ ಕೊಡುತ್ತಿದ್ದರು. ಅಲ್ಲಿ ಸಾಲಿನಲ್ಲಿ ನಿಲ್ಲುವುದಕ್ಕಿಂತ ನಾಲೆಗೆ ಬೀಳುವುದು ಮೇಲು ಎಂದು ತೀರ್ಮಾನಿಸಿದ್ದಳು. ಮುದುಕರಿಗೆ ಬಸ್ಸು ಪುಕ್ಕಟೆ, ಗುರುತಿನವರಿಲ್ಲದ ಊರು. ನಾಳೆ ಅವರು ಬಂದು ಕಪಾಟು ತೆರೆದರೆ ಒಳಗೆ ಏನಾದರೂ ಇರಬೇಕಿತ್ತು.

"ಚೀಟಿ ಎಲ್ಲಿ?" ಪಾದ್ರಿಯ ಹೆಂಡತಿ ಮೇಜಿನ ಹಿಂದಿನಿಂದ ಕೇಳಿದಳು. ಬೆರಿಲ್ ಕಿವಿಯ ಬಳಿ ಕೈ ಹಿಡಿದಾಗ ದನಿ ಇಡೀ ಹಾಲಿಗೆ ಹರಡಿತು. "ಚೀಟಿ! ಡಾಕ್ಟರು ಬರೆದುಕೊಟ್ಟಿದ್ದು! ಚೀಟಿ ಇಲ್ದೆ ಕೊಡೋ ಹಾಗಿಲ್ಲ ಅಜ್ಜಿ. ಕೊಟ್ಟಿದ್ರಾ? ಕಳೆದ್ರಾ?"

ಸಾಲಿನಲ್ಲಿದ್ದವರು ನೆಲ ನೋಡಿದರು. ಒಬ್ಬ ತಾಯಿ ಮಗುವಿನ ಟೋಪಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದಳು.

"ಈ ಊರಿನೋರಲ್ಲ ಅಲ್ವಾ ನೀವು? ನಿಮ್ಮೂರಿನೋರು ಅಲ್ಲೇ ತಗೋಬೇಕು. ಎಲ್ಲರೂ ಎಲ್ಲ ಕಡೆ ಹೋಗಿ ತಗೊಂಡ್ರೆ ನಿಜವಾಗ್ಲೂ ಹಸಿದೋರಿಗೆ ಏನುಳಿಯುತ್ತೆ? ಇರ್ಲಿ, ಇದೊಂದ್ಸಲ. ದೇವರಿಗೆ ಕೃತಜ್ಞತೆ ಹೇಳಿ."

ಬೆರಿಲ್ ಹೇಳಿದಳು. ದೇವರಿಗೂ, ಪಾದ್ರಿಯ ಹೆಂಡತಿಗೂ. ಚೀಲದಲ್ಲಿ ಒಂದು ಡಬ್ಬಿ ಬೀನ್ಸು, ಒಂದು ಬ್ರೆಡ್ಡು, ಆರು ಮೊಟ್ಟೆಗಳ ಒಂದು ಪೆಟ್ಟಿಗೆ ಇತ್ತು. ಮೊಟ್ಟೆ ಕಂಡಾಗ ಅವಳಿಗೆ ಅಳು ಬಂದಂತಾಯಿತು: ಹೇಳಿದ ಸುಳ್ಳು ನಿಜವಾಗುವುದರಲ್ಲಿತ್ತು. ಚೀಲವನ್ನು ಎದೆಗೊತ್ತಿಕೊಂಡು ತಿರುಗಿದರೆ ಬಾಗಿಲಲ್ಲಿ ಮೊರೀನ್.

ಇಪ್ಪತ್ತೆರಡು ವರ್ಷ ಪಕ್ಕದ ಮಗ್ಗದಲ್ಲಿ ನಿಂತ ಮೊರೀನ್. ಇವತ್ತಿಗೂ ಬೆರಿಲ್‌ಳ ಬೀದಿಯ ಕೊನೆಯಲ್ಲೇ ಇರುವವಳು. ಭಾನುವಾರ ಸೊಸೆ ತಂದುಕೊಡುವ ಹುರಿದ ಕುರಿಮಾಂಸವನ್ನು ಸೋಮವಾರದಿಂದ ಶನಿವಾರದವರೆಗೆ ವರ್ಣಿಸುವವಳು.



"ಇಲ್ಲೇನ್ ಮಾಡ್ತಿದ್ದೀಯಮ್ಮಿ ನೀನು?" ಮೊರೀನ್ ಕೇಳಿದಳು.

"ಕೊಡಾಕ್ ಬಂದೆ," ಅಂದಳು ಬೆರಿಲ್. ನಾಲಿಗೆ ತಾನಾಗಿಯೇ ಓಡಿತು. "ಮನೇಲಿ ಮೊಟ್ಟೆ ಜಾಸ್ತಿ ಆಗೋಗಿದ್ವು. ಒಬ್ಳು ಎಷ್ಟ್ ತಿನ್ನಕಾದದು ಹೇಳು. ನೀನು?"

"ನಾನೂವೆ! ಕೊಡಾಕೇ. ಆ ನಮ್ ಸೊಸೆ ಮುಂಡೇದು ತಂದ್ ತಂದ್ ಸುರೀತಾಳೆ. ಇಡಾಕ್ ಜಾಗಿಲ್ಲ."

ಮೊರೀನ್ ಕೈಚೀಲ ಕೆದಕಿದಳು. ಮೇಲೆ ಮಡಚಿಟ್ಟ ಖಾಲಿ ಚೀಲ, ಅದರ ಕೆಳಗೆ ಕನ್ನಡಕ, ಕರವಸ್ತ್ರ. ಕೊನೆಗೆ ಆಸ್ಪತ್ರೆಯಲ್ಲಿ ಟೀ ಜೊತೆ ಕೊಡುವ, ಎರಡೇ ಬಿಸ್ಕತ್ತಿನ ಪೊಟ್ಟಣವೊಂದು ಸಿಕ್ಕಿತು. ಅದನ್ನು ದಾನದ ಮೇಜಿನ ಮೇಲೆ ಗತ್ತಿನಿಂದ ಇಟ್ಟು, "ಸದ್ಯಕ್ಕೆ ಇದು, ಮಿಕ್ಕಿದ್ದು ಆಮೇಲೆ" ಅಂದಳು. ಬೆರಿಲ್ ಅದರ ಪಕ್ಕ ಚೀಲ ಇಟ್ಟಳು. ಮೊಟ್ಟೆಗೆ ಪೆಟ್ಟಾಗದಂತೆ ನಿಧಾನಕ್ಕೆ. ತನ್ನ ಮುಖ ಉಳಿಸಿಕೊಳ್ಳುವ ಆತುರದಲ್ಲಿ ಅವಳು ಬಿಸ್ಕತ್ತಿನ ಪೊಟ್ಟಣದ ಬಗ್ಗೆ ಏನನ್ನೂ ಯೋಚಿಸಲಿಲ್ಲ.

ಮೇಜಿನ ಹಿಂದೆ ಪಾದ್ರಿಯ ಹೆಂಡತಿ ಪಕ್ಕದವಳ ಕಡೆ ತಿರುಗಿ, ಹಣೆಗೆ ಬೆರಳು ತಾಗಿಸಿ, ತುಟಿಯಲ್ಲೇ ಅಂದಳು: "ಪಾಪ, ಈಗ ತಾನೇ ತಗೊಂಡಿದ್ದು ಮರೆತುಹೋಯ್ತು."

"ಟೀ ಕುಡಿಯಣ್ವಾ?" ಹೊರಗೆ ಬಂದ ಮೇಲೆ ಮೊರೀನ್ ಕೇಳಿದಳು.

"ಅಯ್ಯೋ ಬ್ಯಾಡ, ಒಟ್ಟೆ ಬಿರೀತದೆ. ಈಗಷ್ಟೇ ತಿಂದೆ."

"ನಂದೂ ಅದೇ ಕತೆ ಕಣಮ್ಮಿ."

ಎರಡು ಬಸ್ಸುಗಳಲ್ಲೂ ಒಂದೇ ಸೀಟಿನಲ್ಲಿ ಕೂತು ಬಂದರು. ದಾರಿಯಲ್ಲಿ ಯಾರ ಹೊಟ್ಟೆ ಗುರುಗುಟ್ಟಿದ್ದರೂ ಇನ್ನೊಬ್ಬಳಿಗೆ ಕೇಳುತ್ತಿರಲಿಲ್ಲ. ಮಗ್ಗಗಳು ಇಬ್ಬರ ಕಿವಿಯನ್ನೂ ಮಂದ ಮಾಡಿ ಅಷ್ಟು ಉಪಕಾರ ಮಾಡಿದ್ದವು.

* * *

ಬುಧವಾರ ಬೆಳಿಗ್ಗೆ ಬೆರಿಲ್ ಬಿಳಿ ಮೇಜುಬಟ್ಟೆ ಹಾಸಿದಳು.

ಅವಳ ಅಮ್ಮ ಹಾಗೆಯೇ ಮಾಡುತ್ತಿದ್ದಳು. ಮನೆಯಲ್ಲಿ ಏನೂ ಇಲ್ಲದ ದಿನ, ಬಾಡಿಗೆ ವಸೂಲಿಯವನು ಬರುವ ಹೊತ್ತಿಗೆ, ಪಾತ್ರೆಯಲ್ಲಿ ಬರಿ ನೀರು ಕುದಿಸಿ ಮುಚ್ಚಳ ಕುಣಿಯುವಂತೆ ಇಡುತ್ತಿದ್ದಳು. ಹಸಿದಿದ್ದೇವೆಂದು ಗೊತ್ತಾದರೆ ಸರ್ಕಾರದವರು ಮನೆಯೊಳಗೆ ಬಂದುಬಿಡುತ್ತಾರೆ, ಒಮ್ಮೆ ಬಂದವರು ಹೋಗುವುದಿಲ್ಲ ಎನ್ನುತ್ತಿದ್ದಳು. ಅವಳ ಕಾಲದಲ್ಲಿ ನೆರವು ಕೇಳಿದ್ದಕ್ಕೆ ಸರ್ಕಾರದವನು ಬಂದು ಕಪಾಟು ತೆರೆದು, ಇರುವ ಎರಡು ಕುರ್ಚಿಯಲ್ಲಿ ಒಂದನ್ನು ಮಾರಿ ಎಂದಿದ್ದನಂತೆ.

ಬೆರಿಲ್ ಮೇಲಿನ ಕಪಾಟಿನಿಂದ ಕಾಗದದಲ್ಲಿ ಸುತ್ತಿಟ್ಟ ಎರಡು ಮೊಟ್ಟೆಯ ಚಿಪ್ಪು ತೆಗೆದಳು. ಕ್ರಿಸ್ಮಸ್ಸಿಗೆ ತಿಂದದ್ದು, ತುದಿಯಷ್ಟೇ ಒಡೆದು ಚಮಚದಿಂದ ಬರಿದು ಮಾಡಿದ್ದರಿಂದ ಉಳಿದ ಭಾಗ ಇಡಿಯಾಗಿತ್ತು. ಯಾಕೆ ಎತ್ತಿಟ್ಟಳೋ ಅವಳಿಗೇ ತಿಳಿಯದು. ಇಲ್ಲಿನ ಮಕ್ಕಳೆಲ್ಲ ಆಡುವ ಆಟ ಅದು: ತಿಂದು ಮುಗಿಸಿದ ಚಿಪ್ಪನ್ನು ಬಟ್ಟಲಲ್ಲಿ ಬೋರಲು ಹಾಕುವುದು, "ಅಮ್ಮಾ, ನಾನಿನ್ನೂ ಮುಟ್ಟೇ ಇಲ್ಲ ನೋಡು" ಅನ್ನುವುದು. ಅಮ್ಮ ಚಮಚದಲ್ಲಿ ತಟ್ಟಿ, ಒಳಗೆ ಏನೂ ಇಲ್ಲದ್ದು ಕಂಡು, ಬೆಚ್ಚಿದಂತೆ ನಟಿಸುವುದು.

ಎರಡು ಚಿಪ್ಪುಗಳನ್ನೂ ಮೊಟ್ಟೆಬಟ್ಟಲುಗಳಲ್ಲಿ ಬೋರಲು ಹಾಕಿದಳು. ಪಕ್ಕದಲ್ಲಿ ಚಮಚ, ಉಪ್ಪು. ದೂರ ನಿಂತು ನೋಡಿದಳು. ಯಾರು ನೋಡಿದರೂ ತಿಂಡಿಗೆ ಕೂರುವುದರಲ್ಲಿದ್ದವಳ ಮನೆ.

ಕ್ರಾಬ್‌ಟ್ರೀ ಒಳಗೆ ಬಂದವನೇ ಗೋಡೆ ಅಳೆಯುವವನ ಹಾಗೆ ಸುತ್ತ ನೋಡಿದ. ಟ್ಯಾಮ್ಸಿನ್ ಕಪಾಟುಗಳನ್ನು ಒಂದೊಂದಾಗಿ ತೆರೆದಳು. ಉಪ್ಪು. ಅರ್ಧ ಪೊಟ್ಟಣ ಸಕ್ಕರೆ. ಒಂದು ಡಬ್ಬಿ ಸಾಸಿವೆ ಪುಡಿ. ಕಿಟಕಿಯ ಬಳಿ ಒಣಗುತ್ತಿದ್ದ ಟೀ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಇಟ್ಟಳು. ಒಳಬಟ್ಟೆ ಬಿಚ್ಚಿ ತೋರಿಸಿದ್ದರೂ ಬೆರಿಲ್‌ಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ನಿನ್ನೆ ಪೇಟೆಗೆ ಓಗಾಕ್ಕಾಗ್ಲಿಲ್ಲ," ಅಂದಳು. "ಮಂಡಿ ನೋವು."

"ಆದ್ರೆ ಮೊಟ್ಟೆ ಇದೆಯಲ್ಲ!" ಟ್ಯಾಮ್ಸಿನ್ ಮೇಜಿನ ಬಳಿ ಬಂದಳು. ದನಿಯಲ್ಲಿ ನಿಜವಾದ ಸಂತೋಷವಿತ್ತು. "ಬನ್ನಿ ಕೂತ್ಕೊಳ್ಳಿ, ಆರಿಹೋಗುತ್ತೆ. ನಾನೇ ಒಡೆದುಕೊಡ್ಲಾ?"

"ಬ್ಯಾಡ, ಆಮೇಲ್ ತಿಂತೀನಿ..."

ಚಮಚ ತಾಗಿದ್ದೇ ಚಿಪ್ಪು ಒಳಗೆ ಕುಸಿಯಿತು. ಎರಡು ತಿಂಗಳ ಧೂಳು ಬಿಳಿ ಬಟ್ಟೆಯ ಮೇಲೆ ಉದುರಿತು. ಟ್ಯಾಮ್ಸಿನ್ ಎರಡನೆಯದನ್ನು ಒಡೆಯಲಿಲ್ಲ. ಮೆಲ್ಲಗೆ ಎತ್ತಿ ಒಳಗೆ ನೋಡಿ ಅಲ್ಲೇ ಇಟ್ಟಳು. ಸತ್ತ ಹಕ್ಕಿಯನ್ನು ಮುಟ್ಟಿದವಳ ಮುಖವಾಗಿತ್ತು ಅವಳದು.

"ಬೆರಿಲ್," ಅಂದಳು, "ದಿನಾ ಇದನ್ನೇ ತಿಂತೀರಾ?"

ಆಗ ಹೇಳಿಬಿಡಬಹುದಿತ್ತು. ಬಾಯಿ ತೆರೆದದ್ದೂ ಉಂಟು. ಕ್ರಾಬ್‌ಟ್ರೀ ಟೈ ಸರಿಮಾಡಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದ. ಹುಚ್ಚಿ ಎನಿಸಿಕೊಂಡರೆ ಅದು ಕಾಯಿಲೆ; ಯಾರಿಗೆ ಬೇಕಾದರೂ ಬರುತ್ತದೆ. ಹಸಿದವಳು ಎನಿಸಿಕೊಂಡರೆ ಅದು ತಾನು.

"ಊಂ," ಅಂದಳು. "ದಿನಾ."

ಅಡಿಗೆಮನೆಯ ಬಾಗಿಲ ಬಳಿ ಹೋಗಿ, ಅವಳಿಗೆ ಮುಕ್ಕಾಲು ಬೆನ್ನು ಹಾಕಿ, ಕ್ರಾಬ್‌ಟ್ರೀ ತುಟಿ ಅಲ್ಲಾಡಿಸಿದ. ಕಂಡ ಕಾಲುಭಾಗವೇ ಅವಳಿಗೆ ಸಾಕಾಯಿತು. "ಇನ್ನೇನು ಬೇಕು? ಶುಕ್ರವಾರ ಸಹಿ ಹಾಕಿಸಿಬಿಡಿ."

* * *

ಶುಕ್ರವಾರ ಆಸ್ಪತ್ರೆಗೆ ಮೊರೀನ್ ತಾನೂ ಜೊತೆಗೆ ಬಂದಳು. ಬೇಡವೆಂದರೂ ಬಿಡಲಿಲ್ಲ. "ನಿನ್ ತಲೆ ಕೆಟ್ಟದಾ ಇಲ್ವಾ ಅಂತ ಯೇಳಾಕೆ ಆ ಚೋಟುದ್ದದ ಹುಡ್ಗೀರೇ ಬೇಕಾ? ನನ್ ಕೇಳಿದ್ರೆ ನಲವತ್ ವರ್ಸದಿಂದ್ಲೂ ಕೆಟ್ಟದೆ ಅಂತ ಯೇಳ್ತಿದ್ದೆ." ಗಾಜಿನ ಬಾಗಿಲಾಚೆ, ಕಾಯುವವರ ಸಾಲಿನಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕನ ಪಕ್ಕ ಕೂತಳು.

ಒಳಗೆ ಕಾಗದ ಸಿದ್ಧವಾಗಿತ್ತು.

"ಒಬ್ಬರೇ ಇರೋದಕ್ಕಿಂತ ಆಶ್ರಮದಲ್ಲೇ ಚೆನ್ನಾಗಿರುತ್ತೆ," ಅಂದ ಕ್ರಾಬ್‌ಟ್ರೀ. "ಬೆಚ್ಚಗಿರುತ್ತೆ. ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರೆ. ನೆನಪಿಟ್ಕೊಂಡು ತಿನ್ನಿಸ್ತಾರೆ. ಸುಮ್ನೆ ಇಲ್ಲೊಂದು ಸಹಿ. ಮನೆ ಬೀಗದ ಕೈ ಸೋಮವಾರ ಕೊಟ್ರೆ ಸಾಕು."

"ಕೊನೇದಾಗಿ ಒಂದೇ ಪ್ರಶ್ನೆ, ಬಂಗಾರ," ಅಂದಳು ಟ್ಯಾಮ್ಸಿನ್. ಅವಳ ಕಣ್ಣಿನಲ್ಲಿ ಕನಿಕರವಿತ್ತು. "ಬೆಳಗ್ಗೆ ಏನು ತಿಂದ್ರಿ?"

ಬೆರಿಲ್ ಬಾಯಿ ತೆರೆದಳು. ಎರಡು ಮೊಟ್ಟೆ ಎಂಬ ಮಾತು ನಾಲಿಗೆಯ ಮೇಲೆ ಕೂತಿತ್ತು. ಅದನ್ನು ಹೇಳಿದರೆ ಮನೆ ಹೋಗುತ್ತದೆ. ಬೇರೆಯದನ್ನು ಹೇಳಲು ಗಂಟಲಲ್ಲಿ ದನಿಯೇ ಹುಟ್ಟಲಿಲ್ಲ. ಕಣ್ಣು ಗಾಜಿನತ್ತ ಹೋಯಿತು. ಮೊರೀನ್ ಅವಳನ್ನೇ ನೋಡುತ್ತಿದ್ದಳು.

ಶೆಡ್ಡಿನ ಹೆಂಗಸರು ಕೆಲವು ಮಾತುಗಳನ್ನು ಮಗ್ಗ ನಿಂತ ಮೇಲೂ ದನಿಯಲ್ಲಿ ಆಡುತ್ತಿರಲಿಲ್ಲ. ಟೀ ಕುಡಿಯುವ ಹೊತ್ತಿನಲ್ಲಿ, ಪಿನ್ನು ಬಿದ್ದರೂ ಕೇಳುವಂಥ ಮನೆಯಲ್ಲಿ, ಗರ್ಭಕೋಶ ತೆಗೆಸಿದ್ದು, ಬಸಿರು ಇಳಿದದ್ದು, ಗಂಡ ಹೊಡೆದದ್ದು ಬಂದಾಗ ದನಿ ಇಳಿದುಹೋಗಿ ತುಟಿ ಮಾತ್ರ ಮುಂದುವರಿಯುತ್ತಿತ್ತು. ನಾಚಿಕೆಯ ಮಾತಿಗೆ ಗಂಟಲಿಲ್ಲ.

ಬೆರಿಲ್‌ಳ ತುಟಿಗಳು ಅಗಲವಾಗಿ, ಶೆಡ್ಡಿನ ಆ ತುದಿಗೆ ತಲುಪುವಷ್ಟು ಅಗಲವಾಗಿ, ಅಲುಗಾಡತೊಡಗಿದವು. ಸದ್ದಿಲ್ಲ. ಟ್ಯಾಮ್ಸಿನ್ ಗಾಬರಿಯಾಗಿ ಕುರ್ಚಿ ಹಿಂದೆ ಸರಿಸಿದಳು. "ಬರ್ಕೊಳ್ಳಿ," ಅಂದ ಕ್ರಾಬ್‌ಟ್ರೀ. "ಮಾತೂ ಹೋಯ್ತು."

ಗಾಜಿನಾಚೆ ಮೊರೀನ್ ಎದ್ದು ನಿಂತಿದ್ದಳು. ಬಾಗಿಲು ದಢಾರನೆ ತೆರೆಯಿತು.

"ಏನೂ ತಿಂದಿಲ್ವಂತೆ!" ಕಿವಿ ಮಂದವಾದವರ ದನಿ, ಆಸ್ಪತ್ರೆಯ ಕೊನೆಯ ಕೋಣೆಗೂ ಮುಟ್ಟುವಂಥದ್ದು. "ಸೋಮ್ವಾರ ಒಂದ್ ಆಲೂಗೆಡ್ಡೆ. ಮಂಗಳ್ವಾರ ಏನಿಲ್ಲ. ಬುದ್ವಾರ... ನಿಧಾನಕ್ಕೇಳಮ್ಮಿ... ಬುದ್ವಾರ ನೀವು ಬಂದೋದ್ ಮ್ಯಾಲೆ ಸಕ್ಕರೆ ನೀರು. ನೆನ್ನೆ ಲೈಬ್ರರೀಲಿ ಯಾವ್ದೋ ಸಭೆ, ಎರಡು ಬಿಸ್ಕತ್ತು, ಒಂದ್ನ ಜೇಬಿಗಾಕ್ಕಂಡ್ಲು, ರಾತ್ರಿಗೆ. ಬೆಣ್ಣೆ, ದೀಪ, ಕುದುರೆ. ಇದೇನು ಅಂತ ನಂಗೊತ್ತಿಲ್ಲ, ಅವಳು ಅಂದಂಗೇ ಯೇಳ್ತಾವ್ನಿ. ಮೊಟ್ಟೆ ತಿಂದಿದ್ದು ಕ್ರಿಸ್ಮಸ್‌ನಲ್ಲಿ. ಮರ್ತಿಲ್ಲ. ಒಂದ್ ದಿನಾನೂ ಮರ್ತಿಲ್ಲ. ಕೇಳುಸ್ತಾ ನಿಮ್ಗೆ ಬೇವರ್ಸಿಗಳಾ? ಒಟ್ಟೆಗಿಲ್ದೋಳ್ನ ತಲೆ ಕೆಟ್ಟೋಳು ಅಂತೀರಾ?"

ಬೆರಿಲ್‌ಳ ಮುಖ ಕುತ್ತಿಗೆಯ ಬುಡದವರೆಗೆ ಕೆಂಪಗಾಯಿತು. ಕೈಯಲ್ಲಿ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿದರೆ ತುಟಿ ಕಾಣುವುದಿಲ್ಲ. ಮುಚ್ಚಿಕೊಳ್ಳಲಿಲ್ಲ.

"ನೀವ್ಯಾರು ಮಧ್ಯೆ?" ಕ್ರಾಬ್‌ಟ್ರೀ ಎದ್ದ. "ಇದೇನು ಮೀನು ಮಾರ್ಕೆಟ್ಟಾ? ನಿಮಗೂ ಒಂದು ಪರೀಕ್ಷೆ ಆಗ್ಬೇಕು ಅನ್ಸುತ್ತೆ. ಹೇಳಿ ನೋಡೋಣ, ನೀವೇನು ತಿಂದ್ರಿ ಬೆಳಗ್ಗೆ?"

"ನಾನಾ?" ಮೊರೀನ್ ಎದೆಯುಬ್ಬಿಸಿದಳು. "ನಮ್ ಸೊಸೆ ತಂದಿದ್ದ ಕುರಿಮಾಂಸ, ಅದ್ರ ಜೊತೆ..."

ಅಲ್ಲಿಗೆ ನಿಂತಳು. ಆ ದೊಡ್ಡ ದನಿ ಎಲ್ಲಿಗೆ ಹೋಯಿತೋ. ಬೆರಿಲ್‌ಗೆ ದಾನದ ಮೇಜಿನ ಮೇಲೆ ಕೂತಿದ್ದ ಎರಡು ಬಿಸ್ಕತ್ತಿನ ಪೊಟ್ಟಣ ಕಣ್ಣ ಮುಂದೆ ಬಂತು. ಅವಳ ಕೈಚೀಲದಲ್ಲಿ ಮಡಚಿಟ್ಟಿದ್ದ ಖಾಲಿ ಚೀಲ ಬಂತು.

ಮೊರೀನ್ ಅವಳ ಕಡೆ ತಿರುಗಿದಳು. ತುಟಿಗಳು ಸದ್ದಿಲ್ಲದೆ ಅಲುಗಾಡಿದವು. ಸೊಸೆ ಮನೆ ಕಡೆ ಬಾರದೆ ಎರಡು ವರ್ಷವಾಯಿತು ಎಂದವು. ನಿನ್ನೆಯೂ ತಿಂದಿಲ್ಲ ಎಂದವು. ಆಮೇಲೆ, ಇಪ್ಪತ್ತೆರಡು ವರ್ಷ ನೂಲು ಹರಿದಾಗಲೆಲ್ಲ ಪಕ್ಕದ ಮಗ್ಗಕ್ಕೆ ಕೂಗಿದ ಹಾಗೆ: ನಂಗಾಗಾಕಿಲ್ಲ, ನೀನೇ ಯೇಳು.

ಬೆರಿಲ್ ಸಹಿ ಹಾಕಬೇಕಿದ್ದ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅದರ ಮೇಲೆ ಕೈಯೂರಿ ಎದ್ದಳು. ಇನ್ನೊಬ್ಬಳದಾದ್ದರಿಂದಲೋ ಏನೋ, ಈ ಸಲ ಗಂಟಲು ತೆರೆಯಿತು.

"ಅವ್ಳೂ ಏನೂ ತಿಂದಿಲ್ಲ," ಅಂದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ, ತೆರೆದ ಬಾಗಿಲಿನಾಚೆಗೆ. "ಬರ್ಕೊಳಮ್ಮ. ಮೊರೀನ್ ಹಾವರ್ತ್. ನೆನ್ನೆಯಿಂದ ಏನೂ ತಿಂದಿಲ್ಲ."

ಟ್ಯಾಮ್ಸಿನ್‌ಳ ಪೆನ್ನು ಕಾಗದ ಹುಡುಕುತ್ತಾ ಗಾಳಿಯಲ್ಲೇ ನಿಂತಿತ್ತು.

ಕಾಯುವವರ ಸಾಲಿನಲ್ಲಿ, ಅಷ್ಟು ಹೊತ್ತೂ ತೊಡೆಯ ಮೇಲಿನ ಟೋಪಿಯ ಒಳಗನ್ನೇ ನೋಡುತ್ತಿದ್ದ ಮುದುಕ ತಲೆಯೆತ್ತಿದ. ಬೆರಿಲ್‌ಳನ್ನು ನೋಡಿದ. ಅವನು ಮಗ್ಗದವನಲ್ಲ, ಆ ಭಾಷೆ ಅವನಿಗೆ ಬರುತ್ತಿರಲಿಲ್ಲ. ಆದರೂ ಅವನ ತುಟಿಗಳು ಮೆಲ್ಲಗೆ, ತೊದಲುತ್ತ, ಸದ್ದಿಲ್ಲದೆ ಅಲುಗಾಡತೊಡಗಿದವು.